ಮಂಗನ ಕಾಯಿಲೆಯ ರಕ್ತ ಪರೀಕ್ಷೆ: ಪ್ರಯೋಗಶಾಲೆಯಲ್ಲಿ ಏನು ನಡೆಯುತ್ತದೆ?



ಕಾಫಿ ಕೊಯ್ಲು ನಡೆಯುತ್ತಿರುವಾಗಲೇ ಅಡಿಕೆ ತೋಟಕ್ಕೆ ದರಗು ಹೊರುವ ಕೆಲಸವೂ ಬರುತ್ತದೆ. ನಮ್ಮ ಮಲೆನಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದೂ ಇದೇ ಕಾಲದಲ್ಲಿ, ಅಂದರೆ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಊರಿನಲ್ಲಿ ಯಾರಿಗಾದರೂ ಜ್ವರ ಬಂದರೆ ಆರೋಗ್ಯ ಇಲಾಖೆಯವರು ಬಂದು ರಕ್ತ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಒಯ್ಯುತ್ತಾರೆ. ಆಮೇಲೆ "ಇದೆ" ಎಂದೋ "ಇಲ್ಲ" ಎಂದೋ ಒಂದು ಮಾತು ಬರುತ್ತದೆ. ಈ ಎರಡರ ನಡುವೆ ಏನು ನಡೆಯಿತೆಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ.

ತಿಳಿಯದೆ ಇರುವುದರಿಂದ ನಷ್ಟವಿದೆ. ಒಮ್ಮೆ "ಇಲ್ಲ" ಎಂದು ಬಂದ ಕೂಡಲೇ ರೋಗಿ ಮತ್ತೆ ಬೆಟ್ಟಕ್ಕೆ ಹೊರಡುತ್ತಾನೆ. ಎರಡನೆಯ ಸಲ ರಕ್ತ ಕೇಳಿದರೆ, "ಆಗಲೇ ಕೊಟ್ಟಾಯಿತಲ್ಲ, ಇನ್ನೆಷ್ಟು ಸಲ?" ಎಂದು ಮನೆಯವರು ಬೇಸರಪಡುತ್ತಾರೆ. ಜ್ವರ ಶುರುವಾದ ದಿನ ಯಾವುದೆಂದು ಕೇಳಿದರೆ "ಮೂರೋ ನಾಲ್ಕೋ ದಿನ ಆಯ್ತು" ಎಂಬ ಉತ್ತರ ಬರುತ್ತದೆ. ಆದರೆ ಪರೀಕ್ಷೆಯ ಉತ್ತರ ಸರಿಯಾಗಿ ಬರಬೇಕಾದರೆ ಆ ದಿನದ ಲೆಕ್ಕವೇ ಮುಖ್ಯ. ಅದು ಏಕೆ ಎಂಬುದನ್ನು ಈ ಪಾಠದಲ್ಲಿ ನಾವು ಹಂತ ಹಂತವಾಗಿ ತಿಳಿಯೋಣ.

ಕಾಯಿಲೆಯ ಹಿನ್ನೆಲೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರೂ ಜ್ವರ ಬಿದ್ದರು. ಮಂಗಗಳು ಸಾಯುತ್ತಿದ್ದುದರಿಂದ, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರವೇ ನಮ್ಮ ದೇಶಕ್ಕೆ ಬಂದಿತೋ ಎಂಬ ಶಂಕೆ ಮೊದಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಸತ್ತ ಮಂಗಗಳ ಮತ್ತು ರೋಗಿಗಳ ಮಾದರಿಗಳನ್ನು ಪರೀಕ್ಷಿಸಿದರು. ಅದು ಹಳದಿ ಜ್ವರವಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧವುಳ್ಳ ಒಂದು ಹೊಸ ವೈರಸ್ ಎಂದು ತೀರ್ಮಾನವಾಯಿತು. ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ರೋಗಕ್ಕೆ ಕ್ಯಾಸನೂರು ಕಾಡಿನ ಹೆಸರೇ ನಿಂತಿತು.

ವೈರಸ್ಸನ್ನು ಹೊತ್ತು ತರುವುದು ಉಣುಗು. ಕೆಲವು ಕಡೆ ಇದನ್ನು ಉಣ್ಣೆ ಎನ್ನುತ್ತಾರೆ. ಇದರ ಎಳೆಯ ಹಂತ ಎಳ್ಳುಕಾಳಿಗಿಂತ ದೊಡ್ಡದಿರುವುದಿಲ್ಲ. ಒಣಗಿದ ಎಲೆಗಳ ನಡುವೆ ಕಾದಿದ್ದು, ಮಂಗಕ್ಕೋ ಮನುಷ್ಯನಿಗೋ ಹತ್ತುತ್ತದೆ. ಕಪ್ಪು ಮೂತಿಯ ಮುಸುವ ಮತ್ತು ಕೆಂಪು ಮೂತಿಯ ಮಂಗ ಎರಡೂ ಈ ರೋಗದಿಂದ ಸಾಯುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಆದುದರಿಂದ ಜ್ವರ ಬಂದ ಕೂಲಿಯವರನ್ನಾಗಲೀ ಮನೆಯವರನ್ನಾಗಲೀ ದೂರವಿಡುವುದಕ್ಕೆ ಕಾರಣವಿಲ್ಲ.

ಬಹುಕಾಲ ಶಿವಮೊಗ್ಗದ ರೋಗವೆಂದೇ ತಿಳಿದಿದ್ದೆವು. 1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಭಾಗದಲ್ಲಿ, ಗೇರು ತೋಟಕ್ಕಾಗಿ ಕಾಡು ಕಡಿದ ಕಡೆ ದೊಡ್ಡ ಪ್ರಮಾಣದಲ್ಲಿ ಕಾಣಿಸಿತು. 2012ರಲ್ಲಿ ಬಂಡೀಪುರದ ಕಡೆ, ಅನಂತರ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಗಳಲ್ಲೂ ಪತ್ತೆಯಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಬಹಳ ನೊಂದಿತು. 2024ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಯಲ್ಲೂ ರೋಗಿಗಳಿದ್ದರು. ರೋಗ ತಗುಲಿದ ನೂರು ಜನರಲ್ಲಿ ಸುಮಾರು 3ರಿಂದ 5 ಮಂದಿ ತೀರಿಕೊಳ್ಳುವುದುಂಟು. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಬೇಗ ಪತ್ತೆ ಮಾಡಿ ಆಸ್ಪತ್ರೆಯಲ್ಲಿ ನೋಡಿಕೊಳ್ಳುವುದೇ ಜೀವ ಉಳಿಸುವ ದಾರಿ.

ಮೊದಲ ವಿಧಾನ: ಇಲಿಮರಿಯ ಮೆದುಳು

ವೈರಸ್ಸು ಸಾಧಾರಣ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಬೂಸ್ಟನ್ನು ಬೆಳೆಸುವಂತೆ ಬರಿಯ ಸಕ್ಕರೆ, ಆಲೂಗಡ್ಡೆಯ ತಿಳಿಯಲ್ಲಿ ಬೆಳೆಸಲೂ ಆಗದು. ಅದಕ್ಕೆ ಜೀವವಿರುವ ಕೋಶವೇ ಬೇಕು. 1957ರ ವಿಜ್ಞಾನಿಗಳಿಗೆ ಆ ಜೀವಕೋಶ ಸಿಕ್ಕಿದ್ದು ಬಿಳಿ ಇಲಿಯಲ್ಲಿ.

ರೋಗಿಯ ರಕ್ತದ ತಿಳಿಯನ್ನು, ಇಲ್ಲವೇ ಸತ್ತ ಮಂಗದ ಅಂಗವನ್ನು ಅರೆದು ತೆಗೆದ ರಸವನ್ನು, ಬಹಳ ಸಣ್ಣ ಸೂಜಿಯಿಂದ ಇಲಿಯ ಮೆದುಳಿಗೆ ಚುಚ್ಚುತ್ತಿದ್ದರು. ಹುಟ್ಟಿ ಎರಡು ಮೂರು ದಿನವಾದ ಮರಿಗಳಿಗೆ ರೋಗ ತಡೆಯುವ ಶಕ್ತಿ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಅವು ಹೆಚ್ಚು ಅನುಕೂಲ. ಮೆದುಳನ್ನೇ ಏಕೆ ಆರಿಸಿದರು? ರಕ್ತದಲ್ಲಿರುವ ಅನೇಕ ವಸ್ತುಗಳು ಮೆದುಳಿನೊಳಗೆ ನುಗ್ಗದಂತೆ ಅಲ್ಲಿನ ರಕ್ತನಾಳಗಳ ಗೋಡೆ ಬೇಲಿಯಂತೆ ತಡೆಯುತ್ತದೆ. ನೇರವಾಗಿ ಮೆದುಳಿಗೇ ಚುಚ್ಚಿದರೆ ವೈರಸ್ಸು ಬೇಲಿಯೊಳಗೇ ಇಳಿದಂತಾಯಿತು. ಈ ಜಾತಿಯ ವೈರಸ್ಸುಗಳಿಗೆ ನರಕೋಶಗಳಲ್ಲಿ ಚೆನ್ನಾಗಿ ಬೆಳೆಯುವ ಗುಣವಿದೆ. ಹೀಗೆ ಇಲಿಮರಿಯ ಮೆದುಳೇ ವೈರಸ್ಸಿನ ಸಸಿಮಡಿಯಾಯಿತು.

ಕೆಲವು ದಿನಗಳಲ್ಲಿ ಮರಿ ಹಾಲು ಕುಡಿಯುವುದನ್ನು ಬಿಟ್ಟು, ನಡುಗಿ, ಕಾಲು ಸೋತು ಬೀಳುತ್ತಿತ್ತು. ಆ ಮೆದುಳನ್ನು ಅರೆದು ಇನ್ನೊಂದು ಮರಿಗೆ ಕೊಟ್ಟರೆ ಅದೂ ಬೀಳುತ್ತಿತ್ತು. ಅಲ್ಲಿಗೆ ಬೆಳೆಯುವಂಥ ಒಂದು ಸೋಂಕು ಇದೆ ಎಂಬುದು ಖಾತರಿ. ಅದು ಯಾವ ವೈರಸ್ಸು ಎಂದು ತಿಳಿಯಲು ಗೊತ್ತಿರುವ ರೋಗಗಳ ಪ್ರತಿಕಾಯಗಳೊಂದಿಗೆ ಬೆರೆಸಿ ನೋಡುತ್ತಿದ್ದರು. ಯಾವ ಪ್ರತಿಕಾಯ ಅದನ್ನು ಅಡಗಿಸುತ್ತದೋ ಆ ಕುಲದ್ದು ಅದು.

ಈ ವಿಧಾನದಿಂದಲೇ ನಮ್ಮ ರೋಗದ ಗುರುತು ಹತ್ತಿತು. ಆದರೆ ಉತ್ತರ ಬರಲು ಹಲವು ದಿನ ಹಿಡಿಯುತ್ತಿತ್ತು. ಅಷ್ಟರಲ್ಲಿ ರೋಗಿ ಗುಣವಾಗುತ್ತಿದ್ದ, ಇಲ್ಲವೇ ಕೈಮೀರುತ್ತಿತ್ತು. ಜೀವಂತ ವೈರಸ್ಸನ್ನು ಬೆಳೆಸುವ ಕೆಲಸವಾದ್ದರಿಂದ ಪ್ರಯೋಗಶಾಲೆಯವರಿಗೇ ರೋಗ ತಗುಲಿದ ಪ್ರಸಂಗಗಳೂ ಉಂಟು. ನಮ್ಮ ಕಾಯಿಲೆಯ ವಿಷಯದಲ್ಲಿ ಇಂದು ತಿಳಿದಿರುವುದೆಲ್ಲ ಅವರ ದುಡಿಮೆಯ ಮೇಲೆ ನಿಂತಿದೆ ಎಂಬುದನ್ನು ನಾವು ಮರೆಯಬಾರದು.

ಎರಡನೆಯ ವಿಧಾನ: ಬಾಟಲಿಯಲ್ಲಿ ಬೆಳೆಸಿದ ಕೋಶಗಳು

ಅನಂತರ ಪ್ರಾಣಿಯ ಬದಲು ಪ್ರಾಣಿಯ ಕೋಶಗಳನ್ನಷ್ಟೇ ಗಾಜಿನ ಬಾಟಲಿಯಲ್ಲಿ ಪೋಷಕ ದ್ರವ ಹಾಕಿ ಬೆಳೆಸುವ ಕ್ರಮ ಬಂತು. ಬಾಟಲಿಯ ತಳದಲ್ಲಿ ಕೋಶಗಳು ಪಾಚಿಯ ಪದರದಂತೆ ಹರಡುತ್ತವೆ. ಅದರ ಮೇಲೆ ಮಾದರಿ ಹಾಕಿದಾಗ ವೈರಸ್ಸಿದ್ದರೆ ಕೋಶಗಳು ಮುದುಡಿ ಕಳಚಿಕೊಳ್ಳುತ್ತವೆ.

ಮಂಗನ ಕಾಯಿಲೆಯ ಲಸಿಕೆ ತಯಾರಾದದ್ದು ಈ ಮಾರ್ಗದಲ್ಲಿಯೇ. ಕೋಳಿಮೊಟ್ಟೆಯೊಳಗಿನ ಭ್ರೂಣದ ಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ಫಾರ್ಮಲಿನ್‌ನಿಂದ ನಿರ್ಜೀವಗೊಳಿಸಿ ಲಸಿಕೆ ಮಾಡಿದರು. 1990ರಿಂದ ಅದನ್ನು ನಮ್ಮ ಹಳ್ಳಿಗಳಲ್ಲಿ ಹಾಕಲಾಯಿತು. ರಕ್ಷಣೆ ಸಾಲದೆಂದು ಕಂಡುಬಂದುದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೆಲಸ ಕೈಗೊಂಡಿದೆ. ಹಿಂದೆ ಲಸಿಕೆ ಹಾಕಿಸಿಕೊಂಡಿದ್ದೇವೆಂಬ ಧೈರ್ಯದಿಂದ ಯಾರೂ ಜ್ವರವನ್ನು ಅಲಕ್ಷ್ಯ ಮಾಡಬಾರದು.

ಮೂರನೆಯ ವಿಧಾನ: ಒಂದು ತುಣುಕನ್ನು ಕೋಟಿ ಮಾಡುವುದು

ಈಗ ನಮ್ಮ ರಕ್ತಕ್ಕೆ ಮೊದಲು ಮಾಡುವ ಪರೀಕ್ಷೆ ಆರ್‌ಟಿ-ಪಿಸಿಆರ್. ಕೋವಿಡ್ ಕಾಲದಲ್ಲಿ ಈ ಹೆಸರನ್ನು ಎಲ್ಲರೂ ಕೇಳಿದ್ದೇವೆ. ಇದರಲ್ಲಿ ವೈರಸ್ಸನ್ನು ಬೆಳೆಸುವುದಿಲ್ಲ. ವೈರಸ್ಸಿನೊಳಗಿರುವ ವಂಶವಾಹಿ ಎಳೆಯ ಒಂದು ತುಣುಕನ್ನು ಮಾತ್ರ ಹುಡುಕುತ್ತಾರೆ.

ಪ್ರತಿ ವೈರಸ್ ಕಣದೊಳಗೆ ಆರ್‌ಎನ್‌ಎ ಎಂಬ ಒಂದೇ ಉದ್ದನೆಯ ಎಳೆಯಿದೆ. ಅದರಲ್ಲಿ ಸುಮಾರು 11 ಸಾವಿರ ಅಕ್ಷರಗಳಷ್ಟು ಬರಹವಿದೆ ಎಂದು ಭಾವಿಸಿ. ಆ ಬರಹದಲ್ಲಿ ಕೆಲವು ಸಾಲುಗಳು ಮಂಗನ ಕಾಯಿಲೆಯ ವೈರಸ್ಸಿನಲ್ಲಿ ಮಾತ್ರ ಇರುವಂಥವು. ಪರೀಕ್ಷೆ ಆ ಸಾಲುಗಳನ್ನೇ ಹಿಡಿಯುತ್ತದೆ. ಕ್ರಮ ಹೀಗಿದೆ:

ಮೊದಲು ರಕ್ತದ ತಿಳಿಯಿಂದ ಆರ್‌ಎನ್‌ಎಯನ್ನು ಬೇರ್ಪಡಿಸುತ್ತಾರೆ. ಇದು ಬಹಳ ನಾಜೂಕು ವಸ್ತು, ಬಿಸಿಯಲ್ಲಿ ಬೇಗ ಮುರಿದುಹೋಗುತ್ತದೆ. ಐಸ್ ಪೆಟ್ಟಿಗೆ ಬೇಕಾಗುವುದು ಇದಕ್ಕೇ.

ಎರಡನೆಯದಾಗಿ, ಆ ಆರ್‌ಎನ್‌ಎಯನ್ನು ಗಟ್ಟಿಯಾದ ಡಿಎನ್‌ಎ ರೂಪಕ್ಕೆ ನಕಲು ಮಾಡುತ್ತಾರೆ. ಈ ನಕಲು ಮಾಡುವ ಕಿಣ್ವವನ್ನು 1970ರಲ್ಲಿ ಅಮೆರಿಕದ ಟೆಮಿನ್ ಮತ್ತು ಬಾಲ್ಟಿಮೋರ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಕಂಡುಹಿಡಿದರು.

ಮೂರನೆಯದಾಗಿ ದ್ವಿಗುಣ ಮಾಡುವ ಕೆಲಸ. ಕೊಳವೆಯನ್ನು ಸುಮಾರು 95 ಡಿಗ್ರಿಗೆ ಕಾಯಿಸಿದರೆ ಡಿಎನ್‌ಎಯ ಜೋಡಿ ಎಳೆ ಬಿಡಿಸಿಕೊಳ್ಳುತ್ತದೆ. 60 ಡಿಗ್ರಿಯ ಆಸುಪಾಸಿಗೆ ಇಳಿಸಿದರೆ, ಪ್ರೈಮರ್ ಎಂಬ ಗುರುತಿನ ತುಣುಕುಗಳು ತಮಗೆ ಹೊಂದುವ ಸಾಲಿಗೆ ಹೋಗಿ ಅಂಟಿಕೊಳ್ಳುತ್ತವೆ. ಹೊಂದುವ ಸಾಲು ಇಲ್ಲದಿದ್ದರೆ ಅಂಟುವುದೇ ಇಲ್ಲ. ಅಂಟಿಕೊಂಡಲ್ಲಿಂದ ಒಂದು ಕಿಣ್ವ ಹೊಸ ಎಳೆಯನ್ನು ಹೆಣೆಯುತ್ತ ಹೋಗುತ್ತದೆ. ಮತ್ತೆ ಕಾಯಿಸು, ಮತ್ತೆ ತಣಿಸು. ಇಷ್ಟು ಬಿಸಿಯನ್ನು ತಡೆಯುವ ಕಿಣ್ವ ಸಿಕ್ಕಿದ್ದು ಅಮೆರಿಕದ ಯೆಲ್ಲೋಸ್ಟೋನ್ ಎಂಬಲ್ಲಿನ ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದಿಂದ. ಈ ವಿಧಾನವನ್ನು 1983ರಲ್ಲಿ ಹೊಳೆಯಿಸಿಕೊಂಡ ಕ್ಯಾರಿ ಮುಲ್ಲಿಸ್‌ರಿಗೆ 1993ರಲ್ಲಿ ನೊಬೆಲ್ ಬಹುಮಾನ ಬಂತು.

ದ್ವಿಗುಣದ ಬಲ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಒಂದು ಗೋಟಡಿಕೆ ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಹೋದರೆ 10 ಸುತ್ತಿಗೆ 1,024 ಆಗುತ್ತದೆ. 20 ಸುತ್ತಿಗೆ ಹತ್ತು ಲಕ್ಷ ದಾಟುತ್ತದೆ. 30 ಸುತ್ತಿಗೆ 107 ಕೋಟಿ! ಒಂದೊಂದು ಸುತ್ತಿಗೆ ಹಿಡಿಯುವುದು ಕೆಲವೇ ನಿಮಿಷ. ಹೀಗಾಗಿ ರಕ್ತದಲ್ಲಿ ಕೆಲವೇ ತುಣುಕುಗಳಿದ್ದರೂ ಕೆಲವು ಗಂಟೆಗಳೊಳಗೆ ಯಂತ್ರಕ್ಕೆ ಕಾಣುವಷ್ಟಾಗುತ್ತದೆ. ನಕಲು ಹೆಚ್ಚಿದಂತೆ ಬೆಳಕು ಬೀರುವ ಒಂದು ವಸ್ತುವನ್ನು ಮೊದಲೇ ಸೇರಿಸಿರುತ್ತಾರೆ. ಎಷ್ಟು ಬೇಗ ಬೆಳಕು ಕಾಣುತ್ತದೋ ಮಾದರಿಯಲ್ಲಿ ಅಷ್ಟು ಹೆಚ್ಚು ವೈರಸ್ಸಿತ್ತು ಎಂದರ್ಥ.

ಇಷ್ಟು ಸೂಕ್ಷ್ಮವಾದ ಪರೀಕ್ಷೆಗೆ ಅಷ್ಟೇ ಎಚ್ಚರಿಕೆಯೂ ಬೇಕು. ಒಂದು ಮಾದರಿಯ ಹನಿ ಇನ್ನೊಂದಕ್ಕೆ ಸಿಡಿದರೂ ಸುಳ್ಳು ಉತ್ತರ ಬರಬಹುದು. ಆದ್ದರಿಂದ ಪ್ರತಿ ಸಲವೂ, ವೈರಸ್ಸಿನ ತುಣುಕು ಇದೆಯೆಂದು ಗೊತ್ತಿರುವ ಒಂದು ಮಾದರಿಯನ್ನೂ, ಇಲ್ಲವೆಂದು ಗೊತ್ತಿರುವ ಇನ್ನೊಂದನ್ನೂ ಜೊತೆಗೆ ಓಡಿಸುತ್ತಾರೆ. ಆ ಎರಡರ ಉತ್ತರ ಸರಿ ಬಂದರೆ ಮಾತ್ರ ಉಳಿದವನ್ನು ಒಪ್ಪುತ್ತಾರೆ. ತಕ್ಕಡಿಯನ್ನು ಗೊತ್ತಿರುವ ತೂಕದ ಕಲ್ಲಿಟ್ಟು ಪರೀಕ್ಷಿಸಿದ ಮೇಲೆ ಅಡಿಕೆ ತೂಗಿದ ಹಾಗೆ.

ನಾಲ್ಕನೆಯ ವಿಧಾನ: ಎಲೈಸಾ

ಪಿಸಿಆರ್ ಹುಡುಕುವುದು ವೈರಸ್ಸನ್ನು. ಎಲೈಸಾ ಹುಡುಕುವುದು ವೈರಸ್ಸಿಗೆ ನಮ್ಮ ದೇಹ ಕೊಟ್ಟ ಉತ್ತರವನ್ನು. ಸೋಂಕು ತಗುಲಿದಾಗ ದೇಹ ಮೊದಲು ತಯಾರಿಸುವ ಪ್ರತಿಕಾಯಕ್ಕೆ ಐಜಿಎಂ ಎಂದು ಹೆಸರು. ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ರೋಗಿಯ ರಕ್ತದ ತಿಳಿ, ನಿರ್ಜೀವಗೊಳಿಸಿದ ವೈರಸ್ಸಿನ ಅಂಶ ಮತ್ತು ಬಣ್ಣ ಹುಟ್ಟಿಸುವ ಒಂದು ಕಿಣ್ವ ಇವನ್ನು ಒಂದಾದ ಮೇಲೊಂದರಂತೆ ಹಾಕಿ ತೊಳೆಯುತ್ತಾರೆ. ರೋಗಿಯಲ್ಲಿ ಆ ಪ್ರತಿಕಾಯ ಇದ್ದರೆ ಕೊಂಡಿಗೆ ಕೊಂಡಿ ಸಿಕ್ಕಿ ಕಿಣ್ವ ಗುಳಿಯಲ್ಲೇ ಉಳಿದು ಬಣ್ಣ ಬರುತ್ತದೆ. ಇಲ್ಲದಿದ್ದರೆ ಎಲ್ಲವೂ ತೊಳೆದುಹೋಗಿ ಗುಳಿ ತಿಳಿಯಾಗಿಯೇ ಉಳಿಯುತ್ತದೆ. 1971ರಲ್ಲಿ ಸ್ವೀಡನ್ನಿನಲ್ಲಿ ಈ ವಿಧಾನದ ಮೂಲ ರೂಪ ಹುಟ್ಟಿತು.

ಮಂಗನ ಕಾಯಿಲೆಗೆ ತಕ್ಕ ಪಿಸಿಆರ್ ಮತ್ತು ಐಜಿಎಂ ಎಲೈಸಾ ಎರಡನ್ನೂ ಪುಣೆಯ ಸಂಸ್ಥೆಯವರು ರೂಪಿಸಿ, 2012ರ ಸುಮಾರಿಗೆ ಬಳಕೆಗೆ ತಂದರು. ಶಿವಮೊಗ್ಗದ ವೈರಾಣು ಪತ್ತೆ ಪ್ರಯೋಗಶಾಲೆ ನಮ್ಮ ಸೀಮೆಯ ಮಾದರಿಗಳನ್ನು ನೋಡುತ್ತದೆ. ಪುಣೆ ಸಂಸ್ಥೆಯ ಒಂದು ಘಟಕ ಬೆಂಗಳೂರಿನಲ್ಲೂ ಇದೆ.

ಯಾವ ದಿನಕ್ಕೆ ಯಾವ ಪರೀಕ್ಷೆ?

ಈಗ ಪಾಠದ ಮುಖ್ಯ ಭಾಗಕ್ಕೆ ಬಂದೆವು. ವೈರಸ್ಸು ರಕ್ತದಲ್ಲಿ ಹೆಚ್ಚಾಗಿರುವುದು ಜ್ವರದ ಮೊದಲ ವಾರ, ಅದರಲ್ಲೂ 3ರಿಂದ 6ನೇ ದಿನದವರೆಗೆ. ಆಮೇಲೆ ಇಳಿಯುತ್ತ ಹೋಗುತ್ತದೆ. ಐಜಿಎಂ ಪ್ರತಿಕಾಯ ಕಾಣಿಸತೊಡಗುವುದು ಸುಮಾರು 5ನೇ ದಿನದ ಮೇಲೆ, ಮತ್ತು ಅದು ಕೆಲವು ತಿಂಗಳು ಉಳಿಯುತ್ತದೆ. ಒಂದು ಇಳಿಯುವಾಗ ಇನ್ನೊಂದು ಏರುತ್ತದೆ. ಜ್ವರದ 2ನೇ ದಿನ ಎಲೈಸಾ ಒಂದನ್ನೇ ಮಾಡಿದರೆ ರೋಗವಿದ್ದೂ "ಇಲ್ಲ" ಬರಬಹುದು. 14ನೇ ದಿನ ಪಿಸಿಆರ್ ಒಂದನ್ನೇ ಮಾಡಿದರೂ ಹಾಗೆಯೇ. ದಿನದ ಲೆಕ್ಕ ತಪ್ಪಿದರೆ ಯಂತ್ರ ಸರಿಯಿದ್ದೂ ಉತ್ತರ ತಪ್ಪುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಮ್ಮಲ್ಲಿ ಅನೇಕರ ಮಕ್ಕಳು ಈಗ ಬೆಂಗಳೂರಿನ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರ, ಕೆಂಗೇರಿ ಕಡೆ ನೆಲೆಸಿದ್ದಾರೆ. ಅವರಲ್ಲೊಬ್ಬ ಸಂಕ್ರಾಂತಿಗೆ ಊರಿಗೆ ಬಂದನೆನ್ನಿ. ಜನವರಿ 15ರಂದು ಅಪ್ಪನ ಜೊತೆ ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಗು ಗುಡಿಸಿ, 17ರಂದು ವಿಜಯನಗರಕ್ಕೆ ಮರಳಿದ. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಬರುತ್ತದೆ. 20ರಂದು ಚಳಿಜ್ವರ, ವಿಪರೀತ ತಲೆನೋವು, ಸೊಂಟ ಕೈಕಾಲು ಸೆಳೆತ ಶುರುವಾಯಿತು. ಅಲ್ಲಿನ ವೈದ್ಯರು ರಕ್ತ ಪರೀಕ್ಷಿಸಿ ಪ್ಲೇಟ್‌ಲೆಟ್ ಇಳಿದಿರುವುದನ್ನು ಕಂಡರೆ ಡೆಂಗಿ ಎಂದು ಶಂಕಿಸುವುದು ಸಹಜ. ಡೆಂಗಿಯಲ್ಲೂ ಹಾಗೇ ಆಗುತ್ತದೆ, ಎರಡೂ ವೈರಸ್ಸುಗಳು ಒಂದೇ ದೊಡ್ಡ ಕುಟುಂಬಕ್ಕೆ ಸೇರಿದವು. ನಗರದಲ್ಲಿ ಕೂತ ವೈದ್ಯರಿಗೆ ಬೆಟ್ಟದ ಸುದ್ದಿ ಯಾರಾದರೂ ಹೇಳದೆ ಹೇಗೆ ತಿಳಿಯಬೇಕು?

ಹೇಳಿದರೆ ಲೆಕ್ಕ ಸುಲಭ. 22ರಂದು, ಅಂದರೆ ಜ್ವರದ 3ನೇ ದಿನ, ರಕ್ತ ಕೊಟ್ಟರೆ ಪಿಸಿಆರ್‌ಗೆ ತಕ್ಕ ಸಮಯ. 30ರಂದು ಕೊಟ್ಟರೆ ಅದು 11ನೇ ದಿನ, ಎಲೈಸಾ ಬೇಕೇ ಬೇಕು. ಮೊದಲ ದಿನವೇ ಕೊಟ್ಟ ರಕ್ತ "ಇಲ್ಲ" ಎಂದು ಬಂದು ಜ್ವರ ಬಿಡದಿದ್ದರೆ ಎರಡನೆಯ ಸಲ ಕೊಡಬೇಕು. ಎರಡನೆಯ ಸಲ ಕೇಳಿದರೆಂದು ಮೊದಲನೆಯದು ಕೆಟ್ಟಿತೆಂದಾಗಲೀ ಯಾರೋ ತಪ್ಪು ಮಾಡಿದರೆಂದಾಗಲೀ ತಿಳಿಯಬಾರದು.

ಎರಡನೆಯ ಸುತ್ತಿನ ಜ್ವರ

ಇದೇ ಉದಾಹರಣೆಯನ್ನು ಮುಂದುವರಿಸೋಣ. ಜ್ವರ ಬಿಟ್ಟು ಹುಡುಗ ಎದ್ದು ಓಡಾಡಿದ. ಬಹಳ ಜನರಿಗೆ ಕಾಯಿಲೆ ಅಲ್ಲಿಗೇ ಮುಗಿಯುತ್ತದೆ. ಆದರೆ ನೂರರಲ್ಲಿ 10ರಿಂದ 20 ಮಂದಿಗೆ, ಒಂದೆರಡು ವಾರ ಚೆನ್ನಾಗಿದ್ದ ಮೇಲೆ ಮತ್ತೆ ಜ್ವರ ಬರುತ್ತದೆ. ಈ ಸಲ ಪೆಟ್ಟು ಬೀಳುವುದು ಮೆದುಳು ಮತ್ತು ನರಮಂಡಲಕ್ಕೆ. ತಡೆಯಲಾಗದ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಕಣ್ಣು ಮಂಜಾಗುವುದು, ಮಾತು ತೊದಲಿ ದಿಕ್ಕು ತಪ್ಪಿದಂತಾಗುವುದು ಇದರ ಗುರುತುಗಳು. ನಮ್ಮ ಹುಡುಗನ ಲೆಕ್ಕದಲ್ಲಿ ಇದು ಫೆಬ್ರವರಿ ಮೊದಲ ಅಥವಾ ಎರಡನೆಯ ವಾರ.

1957ರಲ್ಲಿ ಇಲಿಮರಿಯಲ್ಲಿ ಕಂಡ ನಡುಕಕ್ಕೂ ಇದಕ್ಕೂ ಸಂಬಂಧವಿದೆ. ನರಕೋಶವನ್ನು ಕಾಡಬಲ್ಲ ವೈರಸ್ಸಿನ ಗುಣವೇ ಎರಡೂ ಕಡೆ ಕೆಲಸ ಮಾಡುತ್ತದೆ. ಈ ಹೊತ್ತಿಗೆ ರಕ್ತದ ಪಿಸಿಆರ್ "ಇಲ್ಲ" ಎನ್ನುವ ಸಂಭವವೇ ಹೆಚ್ಚು. ಐಜಿಎಂ ಪರೀಕ್ಷೆಯೇ ಆಧಾರ. ಬೆನ್ನುಹುರಿಯ ಸುತ್ತಲಿನ ನೀರನ್ನು ತೆಗೆದು ಪರೀಕ್ಷಿಸಬೇಕೆಂದು ವೈದ್ಯರು ಹೇಳಬಹುದು. ಅದಕ್ಕೆ ಹೆದರಬೇಕಾಗಿಲ್ಲ, ಮೆದುಳು ಜ್ವರದ ಕಾರಣ ಹುಡುಕಲು ಅದು ರೂಢಿಯ ಕ್ರಮ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ವೈರಸ್ ರೋಗಗಳಿಗಾಗಿಯೇ ಒಂದು ವಿಭಾಗವಿದೆ. ಜ್ವರ ಬಿಟ್ಟ ಮೇಲೂ ಎರಡು ಮೂರು ವಾರ ರೋಗಿಯ ಮೇಲೆ ಕಣ್ಣಿಟ್ಟಿರಬೇಕು ಎಂಬುದು ಇದರಿಂದ ನಾವು ಕಲಿಯಬೇಕಾದ ಪಾಠ.

ಮಂಗ ಸತ್ತರೆ

ಮನುಷ್ಯರ ರಕ್ತದಂತೆಯೇ ಸತ್ತ ಮಂಗದ ಮೆದುಳು, ಯಕೃತ್ತು ಮೊದಲಾದ ಅಂಗಗಳ ತುಣುಕುಗಳನ್ನೂ ಪರೀಕ್ಷಿಸುತ್ತಾರೆ. ಬಿಳಿ ಬಟ್ಟೆಯನ್ನು ನೆಲದ ಮೇಲೆ ಎಳೆದು ಅದಕ್ಕೆ ಹತ್ತಿದ ಉಣುಗುಗಳನ್ನು ಹೆಕ್ಕಿ ಪರೀಕ್ಷಿಸುವುದೂ ಉಂಟು. ಎಷ್ಟೋ ಕಡೆ ಮಂಗದ ಸಾವೇ ಮೊದಲ ಸೂಚನೆ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಸುತ್ತಲೂ ಉದುರುತ್ತವೆ. ಹಾಗಾಗಿ ಆ ಜಾಗ ಕೆಲವು ಕಾಲ ಅಪಾಯದ ಜಾಗ. ಹೆಣ ಕೊಳೆತರೆ ಪರೀಕ್ಷೆಗೂ ಉಪಯೋಗವಿಲ್ಲ. ತಡಮಾಡದೆ ತಿಳಿಸಬೇಕು, ಕೈಯಿಂದ ಮುಟ್ಟಬಾರದು.

ನೆನಪಿಡಬೇಕಾದ ಅಂಶಗಳು

1. ಬೆಟ್ಟಕ್ಕೆ, ಕಾಡಿಗೆ ಹೋದ ದಿನವನ್ನೂ ಜ್ವರ ಶುರುವಾದ ದಿನವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತೋಟದ ಕೂಲಿಯವರ ಲೆಕ್ಕವನ್ನೂ ಹಾಗೆಯೇ ಇಡಿ.

2. ಜ್ವರ ಬಂದ ಕೂಡಲೇ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಈ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯವಿರುವುದರಿಂದ ನೋವಿನ ಮಾತ್ರೆಗಳನ್ನು ಸ್ವಂತವಾಗಿ ನುಂಗಬೇಡಿ.

3. ಬೆಂಗಳೂರಿನಲ್ಲಿರುವ ಮಕ್ಕಳಿಗೆ ಹೇಳಿಡಿ: ಊರಿಂದ ಮರಳಿದ ಎರಡು ವಾರದೊಳಗೆ ಜ್ವರ ಬಂದರೆ, "ಮಲೆನಾಡಿನ ಕಾಡಿಗೆ ಹೋಗಿದ್ದೆ, ಅಲ್ಲಿ ಮಂಗನ ಕಾಯಿಲೆ ಇದೆ" ಎಂದು ವೈದ್ಯರಿಗೆ ತಾವಾಗಿಯೇ ತಿಳಿಸಬೇಕು.

4. ಎರಡನೆಯ ಸಲ ರಕ್ತ ಕೇಳಿದರೆ ಕೊಡಿ. ಯಾವ ಪರೀಕ್ಷೆ ಮಾಡಿದರು, ಯಾವ ದಿನದ ರಕ್ತ ಎಂದು ಕೇಳಿ ಬರೆದಿಡಿ.

5. ಬೆಟ್ಟಕ್ಕೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಬಯಲಾದ ಚರ್ಮಕ್ಕೆ ಹಚ್ಚಿ. ಬಂದ ಕೂಡಲೇ ಸೋಪು ಹಚ್ಚಿ ಬಿಸಿನೀರಿನಲ್ಲಿ ಮಿಂದು, ಬಟ್ಟೆಯನ್ನು ಕುದಿನೀರಿಗೆ ಹಾಕಿ. ಕಾಡಿಗೆ ಮೇಯಲು ಬಿಟ್ಟ ದನಗಳ ಮೈಯನ್ನೂ ನೋಡಿ, ಉಣುಗು ಕೊಟ್ಟಿಗೆಯವರೆಗೆ ಬರುವುದು ಅವುಗಳಿಂದಲೇ.

6. ಮಂಗ ಸತ್ತ ಜಾಗದಿಂದ ದರಗು, ಸೌದೆ ತರಬೇಡಿ.

ಪ್ರಯೋಗಶಾಲೆಯ ಯಂತ್ರ ಎಷ್ಟು ಸೂಕ್ಷ್ಮವಾದರೂ ಅದಕ್ಕೆ ಗೊತ್ತಿರುವುದು ಕೊಳವೆಯಲ್ಲಿರುವ ಹನಿ ರಕ್ತ ಮಾತ್ರ. ಆ ರಕ್ತ ಯಾವ ದಿನದ್ದು, ಆ ಮನುಷ್ಯ ಯಾವ ಬೆಟ್ಟಕ್ಕೆ ಹೋಗಿದ್ದ ಎಂಬುದನ್ನು ಹೇಳಬೇಕಾದವರು ನಾವೇ. ಈ ಬಾರಿ ದರಗಿನ ಕೆಲಸ ಹಿಡಿಯುವ ಮೊದಲು ಈ ಪುಟವನ್ನು ಮನೆಯವರಿಗೂ ಕೂಲಿಯವರಿಗೂ ಓದಿ ಹೇಳಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.